ಗರಿಕೆ, ಜೇಕು ಹಿಡಿದ ನೆಲವನ್ನು ತರಕಾರಿ ತೋಟಕ್ಕೆ ಅಣಿಗೊಳಿಸುವ ಬಗೆ

ಮನೆಯ ಹಿಂದಿನ ಅರ್ಧ ಗುಂಟೆಯಲ್ಲೋ, ಹಲವು ವರ್ಷ ಪಾಳುಬಿದ್ದ ನಿವೇಶನದಲ್ಲೋ ತರಕಾರಿ ಬೆಳೆಯಲು ಹೊರಟವರು ಸಾಮಾನ್ಯವಾಗಿ ಮೇಲಿನ ಹಸಿರನ್ನೆಲ್ಲ ಕೆರೆಸಿ, ಪವರ್ ಟಿಲ್ಲರ್ ಹೊಡೆಸಿ, ಗೊಬ್ಬರ ಚೆಲ್ಲಿ, ಅದೇ ವಾರ ಸಸಿ ನೆಟ್ಟುಬಿಡುತ್ತಾರೆ. ನೆಲ ಅಚ್ಚುಕಟ್ಟಾಗಿ ಕಾಣುವುದು ಎರಡು ವಾರ ಮಾತ್ರ. ಮೂರನೆಯ ವಾರಕ್ಕೆ ಟೊಮೆಟೊ ಸಸಿಯ ಬುಡದಲ್ಲಿ ಜೇಕಿನ ಸೂಜಿಮೊನೆಗಳು ಎದ್ದಿರುತ್ತವೆ, ಬದುವಿನಿಂದ ಗರಿಕೆಯ ಕುಡಿ ಒಳಗೆ ಹರಿದಿರುತ್ತದೆ, ಮತ್ತು ಕಿತ್ತಷ್ಟೂ ಹೆಚ್ಚಾಗುವ ಈ ಕಳೆಯ ನಡುವೆ ತರಕಾರಿಯ ಆಸೆಯೇ ಬತ್ತಿಹೋಗುತ್ತದೆ. ಇದಕ್ಕೆ ಕಾರಣ ಆಳುಗಳ ಸೋಮಾರಿತನವೂ ಅಲ್ಲ, ಮಣ್ಣಿನ ದೋಷವೂ ಅಲ್ಲ. ಬಹುವಾರ್ಷಿಕ ಕಳೆಯನ್ನು ಒಂದೇ ಹಂಗಾಮಿನಲ್ಲಿ ಸತ್ತುಹೋಗುವ ಕಳೆಯೆಂದು ಎಣಿಸಿ ಕೆಲಸ ಮಾಡಿರುವುದೇ ಕಾರಣ. ಆದ್ದರಿಂದ ನನ್ನ ಸಲಹೆ ಮೊದಲೇ ಸ್ಪಷ್ಟವಾಗಿರಲಿ: ಜೇಕು, ಗರಿಕೆ ಹಿಡಿದ ನೆಲದಲ್ಲಿ ಮೊದಲ ಬೇಸಿಗೆಯನ್ನೂ ಮುಂಗಾರನ್ನೂ ನೆಲದ ತಯಾರಿಗೇ ಬಿಟ್ಟುಕೊಡಬೇಕು, ತರಕಾರಿಯ ನಾಟಿಯನ್ನು ಹಿಂಗಾರಿಗೆ ಇಟ್ಟುಕೊಳ್ಳಬೇಕು.

ಅಣ್ಣೆಸೊಪ್ಪು, ಕಾಂಗ್ರೆಸ್ ಹುಲ್ಲಿನಂಥ ವಾರ್ಷಿಕ ಕಳೆಗಳು ಬೀಜದಿಂದ ಹುಟ್ಟಿ, ಬೀಜ ಉದುರಿಸಿ, ಒಣಗಿ ಹೋಗುತ್ತವೆ. ಹೂಬಿಡುವ ಮೊದಲು ಅವುಗಳನ್ನು ಬೇರುಸಹಿತ ಕಿತ್ತರೆ ಆ ಗಿಡದ ಕಥೆ ಅಲ್ಲಿಗೆ ಮುಗಿಯುತ್ತದೆ. ಬಹುವಾರ್ಷಿಕ ಕಳೆಯ ಎಲೆ ನಮಗೆ ಕಾಣುವ ಭಾಗ ಮಾತ್ರ. ಅದರ ಜೀವ ಇರುವುದು ನೆಲದಡಿಯ ಗಡ್ಡೆಯಲ್ಲಿ ಅಥವಾ ಬೇರಿನಂತೆ ಹರಿಯುವ ಕಾಂಡದಲ್ಲಿ. ಅದನ್ನು ಕಣಜವೆಂದು ತಿಳಿದರೆ ಮುಂದಿನ ಎಲ್ಲ ಕೆಲಸವೂ ಅರ್ಥವಾಗುತ್ತದೆ. ಎಲೆಯನ್ನು ಕತ್ತರಿಸಿದಾಗ ಗಿಡವು ಕಣಜದಲ್ಲಿನ ಪಿಷ್ಟವನ್ನು ಖರ್ಚುಮಾಡಿ ಹೊಸ ಎಲೆ ತರುತ್ತದೆ. ಆ ಹೊಸ ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸಿ ಖರ್ಚಾದದ್ದನ್ನು ತುಂಬಿಕೊಡಲು ಕೆಲವು ವಾರ ಬೇಕು. ಆ ಅವಧಿ ಮುಗಿಯುವ ಮೊದಲೇ ಮತ್ತೆ ಎಲೆ ತೆಗೆದರೆ ಕಣಜ ಬರಿದಾಗುತ್ತ ಬರುತ್ತದೆ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಕಿತ್ತರೆ ಅದು ಪ್ರತಿ ಸಲವೂ ತುಂಬಿಕೊಳ್ಳುತ್ತದೆ. ಎಷ್ಟು ಜೋರಾಗಿ ಕಿತ್ತೆವು ಎನ್ನುವುದಕ್ಕಿಂತ ಎಷ್ಟು ದಿನಕ್ಕೊಮ್ಮೆ ಕಿತ್ತೆವು ಎನ್ನುವುದು ಮುಖ್ಯವಾಗುವುದು ಇದರಿಂದಲೇ.

ಮೊದಲು ಕಳೆಯನ್ನು ಗುರುತಿಸುವುದು

ಎರಡೂ ಹುಲ್ಲಿನಂತೆ ಕಂಡರೂ ಜೇಕು ಮತ್ತು ಗರಿಕೆಯ ಸ್ವಭಾವ ಬೇರೆ, ಆದ್ದರಿಂದ ಉಪಾಯವೂ ಬೇರೆ. ಹೂವಿನ ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದಾಗ ಮೂರು ಮೂಲೆ ಕೈಗೆ ಸಿಕ್ಕರೆ ಅದು ಜೇಕು. ಕೆಲವೆಡೆ ಇದನ್ನು ಕೊನ್ನಾರಿ ಗಡ್ಡೆ, ತುಂಗೆ ಎಂದೂ ಕರೆಯುತ್ತಾರೆ. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂಬ ಹೆಸರಿನಲ್ಲಿ ಮಾರುವುದೂ ಇದರ ಗಡ್ಡೆಯನ್ನೇ. ಎಲೆ ಕಡುಹಸಿರು, ನುಣುಪು, ಹೊಳಪು; ಹೂ ಕೆಂಪುಮಿಶ್ರಿತ ಕಂದು. ಮಣ್ಣು ಬಿಡಿಸಿ ನೋಡಿದರೆ ತಂತಿಯಂಥ ಗಟ್ಟಿ ಎಳೆಯಲ್ಲಿ ಒಂದರ ಹಿಂದೊಂದು ಪೋಣಿಸಿದಂತೆ ಕಪ್ಪು ಗಡ್ಡೆಗಳಿರುತ್ತವೆ, ಸೀಳಿದರೆ ಒಳಗೆ ಬಿಳುಪು, ಜೊತೆಗೊಂದು ಸುವಾಸನೆ. ಗರಿಕೆಗೆ ಗಡ್ಡೆಯಿಲ್ಲ. ನೆಲದ ಮೇಲೆ ಹರಿಯುವ ಕುಡಿ, ನೆಲದಡಿ ಹರಿಯುವ ಬಿಳಿಯ ಕಾಂಡ ಎರಡೂ ಅದಕ್ಕಿದ್ದು, ಎರಡರ ಪ್ರತಿ ಗಿಣ್ಣಿನಲ್ಲೂ ಹೊಸ ಗಿಡವಾಗುವ ಮೊಳಕೆಯಿರುತ್ತದೆ. ಧಾರವಾಡ, ಗದಗ ಕಡೆಯ ಎರೆ ಭೂಮಿಯಲ್ಲಿ ಕರಕಿ ಎಂದು ಕರೆಯುವುದು ಇದನ್ನೇ.

ಜೇಕಿನ ಗಡ್ಡೆಗಳ ಬಗ್ಗೆ ಇನ್ನೊಂದು ಸಂಗತಿ ತಿಳಿದಿರಲೇಬೇಕು. ಸರಪಳಿಯಲ್ಲಿ ಮುಂದಿರುವ ಗಡ್ಡೆ ಚಿಗುರಿದಾಗ ಹಿಂದಿನ ಗಡ್ಡೆಗಳು ಬಹುಮಟ್ಟಿಗೆ ಸುಪ್ತವಾಗಿರುತ್ತವೆ. ಎಳೆ ತುಂಡಾದ ಕೂಡಲೇ ಆ ತಡೆ ತಪ್ಪಿ, ಬೇರ್ಪಟ್ಟ ಒಂದೊಂದು ಗಡ್ಡೆಯೂ ತಾನೇ ಚಿಗುರುತ್ತದೆ. ಟಿಲ್ಲರ್ ಹೊಡೆದ ನೆಲದಲ್ಲಿ ಜೇಕು ಮೊದಲಿಗಿಂತ ದಟ್ಟವಾಗಿ ಏಳುವುದು ಇದರಿಂದಲೇ. ಗರಿಕೆಯಲ್ಲೂ ಹೀಗೆಯೇ: ಟಿಲ್ಲರಿನ ಅಲಗು ಒಂದು ಮಾರು ಉದ್ದದ ಕುಡಿಯನ್ನು ಹತ್ತಾರು ತುಂಡು ಮಾಡಿ, ತೇವದ ಮಣ್ಣಿನಲ್ಲಿ ನಾಟಿ ಮಾಡಿದಂತೆ ಹರಡುತ್ತದೆ. ಹಾಗೆಂದು ಟಿಲ್ಲರನ್ನು ಬಳಸಲೇಬಾರದೆಂದಲ್ಲ. ಗಡ್ಡೆ, ಕುಡಿಗಳನ್ನು ಹೆಕ್ಕಿ ತೆಗೆಯುವ ಮೊದಲು, ಅದರಲ್ಲೂ ಹಸಿ ನೆಲದಲ್ಲಿ, ಖಂಡಿತ ಬಳಸಬಾರದು.

ಕೆಲಸ ಶುರುಮಾಡುವ ಮೊದಲು ನೆಲದ ಮೂರು ನಾಲ್ಕು ಕಡೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೆಗೆದು ಮಣ್ಣನ್ನು ಗೋಣಿಚೀಲದ ಮೇಲೆ ಹರಡಿ ನೋಡಿರಿ. ಜೇಕಿನ ಗಡ್ಡೆಗಳಲ್ಲಿ ಹೆಚ್ಚಿನವು ಮೇಲಿನ 15 ಸೆಂ.ಮೀ. ಒಳಗೇ ಸಿಗುತ್ತವೆ, ಕೆಲವು 30 ಸೆಂ.ಮೀ. ದಾಟಿಯೂ ಇರುತ್ತವೆ. ಎಷ್ಟು ಆಳ ಅಗೆಯಬೇಕು, ಎಷ್ಟು ಆಳು ಬೇಕು, ಇಡೀ ನೆಲವನ್ನು ಒಮ್ಮೆಗೇ ಹಿಡಿಯಬಹುದೇ ಎಂಬ ಪ್ರಶ್ನೆಗಳಿಗೆಲ್ಲ ಈ ಗುಂಡಿಗಳಲ್ಲೇ ಉತ್ತರವಿದೆ. ನನ್ನನ್ನು ಕೇಳಿದರೆ, ಒಂದು ಗುಂಟೆ, ಅಂದರೆ 1,089 ಚದರಡಿ, ಅರೆಬರೆ ಮಾಡುವುದಕ್ಕಿಂತ ಅದರ ಕಾಲುಭಾಗವನ್ನು ಪೂರ್ತಿ ಮಾಡುವುದು ಮೇಲು. ಉಳಿದ ಭಾಗದ ಹುಲ್ಲನ್ನು ಬೀಜ ಕಟ್ಟದಂತೆ ಆಗಾಗ ಕುಡುಗೋಲಿನಿಂದ ಸವರುತ್ತಿದ್ದರೆ ಮುಂದಿನ ವರ್ಷಕ್ಕೆ ಅದು ಕಾಯುತ್ತದೆ.

ಬೇಸಿಗೆಯ ಅಗೆತ

ಮೈಸೂರು, ತುಮಕೂರು, ಕೋಲಾರದಂಥ ಬಯಲುಸೀಮೆಯಲ್ಲಿ ನಮಗೆ ಸಿಕ್ಕಿರುವ ದೊಡ್ಡ ಅನುಕೂಲವೆಂದರೆ ಫೆಬ್ರುವರಿಯಿಂದ ಏಪ್ರಿಲ್ ನಡುವಿನ ಒಣ ಬಿಸಿಲು. ಸುಗ್ಗಿಯಾದ ಮೇಲೆ ಮಾಗಿ ಉಳುಮೆ ಮಾಡಿ ಹೆಂಟೆಗಳನ್ನು ಬಿಸಿಲಿಗೆ ಬಿಡುವ ನಮ್ಮ ರೈತರ ಪದ್ಧತಿಯ ಹಿಂದಿನ ತಿಳಿವಳಿಕೆಯೂ ಇದೇ. ಕೈತೋಟದಲ್ಲಿ ಅದನ್ನೇ ಗುದ್ದಲಿ, ಪಿಕಾಸಿಗಳಿಂದ ಮಾಡಬೇಕು. ಜನವರಿಯಿಂದಲೇ ಆ ಜಾಗಕ್ಕೆ ನೀರು ಬಿಡುವುದನ್ನು ನಿಲ್ಲಿಸಿ. ಬಟ್ಟೆ ಒಗೆದ ನೀರು, ಬಚ್ಚಲ ನೀರು ಆ ಕಡೆ ಹರಿಯುತ್ತಿದ್ದರೆ ಬೇರೆಡೆಗೆ ತಿರುಗಿಸಿ. ನೆಲ ಪೂರ್ತಿ ಕಲ್ಲಾಗುವ ಮೊದಲು, ಫೆಬ್ರುವರಿಯಲ್ಲಿ, ಒಂದಡಿ ಆಳಕ್ಕೆ ಅಗೆದು ಹೆಂಟೆಗಳನ್ನು ಬುಡಮೇಲು ಮಾಡಿ ಹಾಗೇ ಬಿಡಬೇಕು. ಹೆಂಟೆ ಒಡೆಯುವ ಆತುರ ಬೇಡ, ಏಕೆಂದರೆ ಹೆಂಟೆಗಳ ನಡುವೆ ಗಾಳಿ ಬಿಸಿಲು ಆಡಿದಷ್ಟೂ ಗರಿಕೆಯ ಕಾಂಡ ಬೇಗ ಒಣಗುತ್ತದೆ. ಹತ್ತು ದಿನ ಕಳೆದ ಮೇಲೆ ಹೆಂಟೆಯನ್ನು ಗುದ್ದಲಿಯ ಹಿಂಬದಿಯಿಂದ ತಟ್ಟಿ ಕೊಡವಿದರೆ ಗರಿಕೆಯ ಕುಡಿಗಳು ತುಂಡಾಗದೆ ಉದ್ದುದ್ದಕ್ಕೆ ಬರುತ್ತವೆ. ಅವುಗಳನ್ನು ಕೈಯಿಂದ ಹೆಕ್ಕಿ ರಾಶಿ ಹಾಕಬೇಕು. ಹಲ್ಲಿರುವ ಹಲಬೆಯನ್ನು ಎಳೆದರೂ ಸಾಕಷ್ಟು ಸಿಕ್ಕಿಕೊಂಡು ಬರುತ್ತದೆ, ಆದರೆ ಮೂಲೆ ಮೊಡಕುಗಳಲ್ಲಿ ಕೈಕೆಲಸವೇ ಗತಿ.

ಜೇಕಿಗೆ ಇಷ್ಟು ಸಾಲದು. ಬಿಸಿಲಿಗೆ ನೇರವಾಗಿ ಬಿದ್ದ ಗಡ್ಡೆ ಒಂದೆರಡು ವಾರದಲ್ಲಿ ಒಣಗಿ ಜೀವ ಕಳೆದುಕೊಳ್ಳುತ್ತದೆ ನಿಜ. ಆದರೆ ಒಂದು ಗೇಣು ಆಳದ ಮಣ್ಣಿನಲ್ಲಿರುವ ಗಡ್ಡೆಗೆ ಆ ಬಿಸಿಲಿನ ಅರಿವೇ ಇರುವುದಿಲ್ಲ. ಹಾಗಾಗಿ ಮೊದಲ ಅಗೆತದ ನಂತರ ಎಂಟು ಹತ್ತು ದಿನಕ್ಕೊಮ್ಮೆ, ಮಾರ್ಚ್ ಮುಗಿಯುವವರೆಗೆ, ಮಣ್ಣನ್ನು ಮತ್ತೆ ಮತ್ತೆ ಮಗುಚಿ ಕೆಳಗಿನ ಗಡ್ಡೆಗಳನ್ನು ಮೇಲಕ್ಕೆ ತರಬೇಕು, ಕಣ್ಣಿಗೆ ಬಿದ್ದವನ್ನು ಹೆಕ್ಕಬೇಕು. ಹತ್ತಡಿ ಉದ್ದ, ನಾಲ್ಕಡಿ ಅಗಲದ ಎರಡು ಮೂರು ಪಾತಿ ಮಾತ್ರ ಮಾಡುವವರು ಒಣ ಮಣ್ಣನ್ನು ಗಾರೆ ಕೆಲಸದವರ ಮರಳು ಜರಡಿಗೆ ಎಸೆದು ಸೋಸಿಬಿಡುವುದು ಅತ್ಯಂತ ಖಚಿತವಾದ ವಿಧಾನ. ಗಡ್ಡೆಗಳೆಲ್ಲ ಜರಡಿಯ ಮೇಲೇ ಉಳಿಯುತ್ತವೆ, ಕಲ್ಲುಗಳೂ ತೊಲಗುತ್ತವೆ. ಶ್ರಮದ ಕೆಲಸವೇ ಸರಿ, ಆದರೆ ಒಂದು ಪಾತಿಗೆ ಒಂದೇ ಸಲ ಮಾಡುವ ಶ್ರಮ.

ಹೆಕ್ಕಿದ್ದನ್ನು ತಿಪ್ಪೆಗೆ ಎಸೆಯಬಾರದು. ಮನೆಯ ತಿಪ್ಪೆ ಎಲ್ಲ ಕಡೆಯೂ ಒಂದೇ ಸಮ ಕಾಯುವುದಿಲ್ಲ, ಗಡ್ಡೆ ಅದರಲ್ಲಿ ಸುಖವಾಗಿ ಬದುಕಿ ಗೊಬ್ಬರದ ಜೊತೆ ಪಾತಿಗೆ ವಾಪಸು ಬರುತ್ತದೆ. ತಾರಸಿಯ ಮೇಲೆ ಅಥವಾ ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ, ಗಡ್ಡೆ ಉಗುರಿಗೆ ಸಿಗದಷ್ಟು ಗಟ್ಟಿಯಾಗುವವರೆಗೆ ಮೂರು ನಾಲ್ಕು ವಾರ ಒಣಗಿಸಿ, ಆಮೇಲೆ ಬೇಕಾದರೆ ತಿಪ್ಪೆಗೆ ಸೇರಿಸಿ.

ಮಳೆ ಬಿದ್ದ ಮೇಲೆ

ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ ಮಳೆ ಬೀಳುತ್ತಿದ್ದಂತೆ ಉಳಿದ ಗಡ್ಡೆಗಳೆಲ್ಲ ಒಟ್ಟಿಗೆ ಚಿಗುರುತ್ತವೆ. ಇಷ್ಟು ದುಡಿದರೂ ಮತ್ತೆ ಬಂತಲ್ಲ ಎಂದು ಎದೆಗುಂದುವ ಹೊತ್ತು ಇದು. ವಾಸ್ತವವಾಗಿ ಇದು ನಮಗೆ ಬೇಕಾದದ್ದೇ. ಮಣ್ಣಿನಲ್ಲಿ ಅಡಗಿದ್ದ ಗಡ್ಡೆ ಎಲ್ಲಿದೆಯೆಂದು ಈಗ ಎಲೆಯೇ ತೋರಿಸುತ್ತದೆ, ಕಣಜದ ಖರ್ಚೂ ಶುರುವಾಗಿರುತ್ತದೆ. ಮಳೆ ತಡವಾದರೆ ನಾವೇ ಒಮ್ಮೆ ಚೆನ್ನಾಗಿ ನೀರುಣಿಸಿ ಚಿಗುರಿಸಬೇಕು. ಚಿಗುರು ಕಂಡ ಹತ್ತರಿಂದ ಹದಿನಾಲ್ಕು ದಿನದೊಳಗೆ, ನಾಲ್ಕೈದು ಎಲೆ ಮೂಡುವಷ್ಟರಲ್ಲಿ, ತೆಗೆಯಬೇಕು. ಇದಕ್ಕಿಂತ ತಡಮಾಡಿದರೆ, ಮೂರರಿಂದ ಆರು ವಾರದೊಳಗೆ, ಬುಡದಲ್ಲಿ ಹೊಸ ಗಡ್ಡೆ ಕಟ್ಟಲಾರಂಭಿಸುತ್ತದೆ.

ತೆಗೆಯುವ ರೀತಿಯಲ್ಲೂ ಎಚ್ಚರ ಬೇಕು. ಎಲೆ ಹಿಡಿದು ಎಳೆದರೆ ಜೇಕು ಬುಡದಲ್ಲೇ ಕಡಿದು ಬಂದು ಗಡ್ಡೆ ನೆಲದಲ್ಲೇ ಉಳಿಯುತ್ತದೆ. ಮಳೆ ಬಿದ್ದ ಮರುದಿನ, ಮಣ್ಣು ಹದವಾಗಿರುವಾಗ, ಗಿಡದಿಂದ ನಾಲ್ಕು ಬೆರಳು ದೂರದಲ್ಲಿ ಕುರ್ಪಿಯನ್ನು ನೇರವಾಗಿ ಆಳಕ್ಕೆ ಇಳಿಸಿ ಮಣ್ಣನ್ನು ಮೀಟಿದರೆ ಗಡ್ಡೆ, ಎಳೆ ಎರಡೂ ಬರುತ್ತವೆ. ಗಡ್ಡೆ ಸಿಗದಿದ್ದರೂ ಬೇಸರವಿಲ್ಲ, ಎಲೆ ಹೋಯಿತೆಂದರೆ ಅಷ್ಟು ಖರ್ಚು ಆಯಿತು. ಒಂದು ಗಡ್ಡೆಯಲ್ಲಿ ಹಲವು ಮೊಳಕೆಗಳಿರುವುದರಿಂದ ಅದು ಮತ್ತೆ ಚಿಗುರುತ್ತದೆ, ಆದರೆ ಪ್ರತಿ ಸಲವೂ ಸೊರಗಿ ಬರುತ್ತದೆ. ಈ ಹದಿನಾಲ್ಕು ದಿನದ ಸರದಿಯನ್ನು ಜೂನ್ ಮೊದಲ ವಾರದ ಮೃಗಶಿರಾ ಮಳೆಯವರೆಗೆ ಒಂದೂ ತಪ್ಪದಂತೆ ನಡೆಸಬೇಕು. ಇಡೀ ಕೆಲಸದಲ್ಲಿ ಜನ ಸೋಲುವುದು ಇಲ್ಲಿಯೇ. ಮದುವೆ, ಪ್ರವಾಸ, ಊರಿನ ಜಾತ್ರೆಗಳ ನಡುವೆ ಒಂದು ಸರದಿ ತಪ್ಪಿದರೆ ಫೆಬ್ರುವರಿಯಿಂದ ಪಟ್ಟ ಶ್ರಮದ ಬಹುಪಾಲು ಕೈಬಿಡುತ್ತದೆ. ಊರಿಗೆ ಹೋಗುವವರು ಮನೆಯಲ್ಲಿರುವವರಿಗೋ ನೆರೆಯವರಿಗೋ ಆ ಒಂದು ದಿನದ ಕೆಲಸವನ್ನು ಒಪ್ಪಿಸಿ ಹೋಗಬೇಕು.

ಪ್ಲಾಸ್ಟಿಕ್ ಹೊದಿಕೆ: ಪಾರದರ್ಶಕವೋ ಕಪ್ಪೋ

ಮಣ್ಣನ್ನು ಬಿಸಿಲಿನಿಂದಲೇ ಕಾಯಿಸುವ ಸೌರೀಕರಣ ವಿಧಾನವನ್ನು ಇಸ್ರೇಲಿನ ವಿಜ್ಞಾನಿ ಯಾಕೋವ್ ಕಟಾನ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ಪ್ರಕಟಿಸಿದರು. ಪಾತಿಯ ಮಣ್ಣನ್ನು ಪುಡಿಮಾಡಿ ಸಮ ಮಾಡಿ, ಚೆನ್ನಾಗಿ ನೀರುಣಿಸಿ, 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಮಣ್ಣಿಗೆ ತಾಗುವಂತೆ ಬಿಗಿಯಾಗಿ ಹಾಸಿ, ಅಂಚುಗಳನ್ನು ಸುತ್ತಲಿನ ಕಾಲುವೆಯಲ್ಲಿ ಹೂತು ನಾಲ್ಕರಿಂದ ಆರು ವಾರ ಬಿಡಬೇಕು. ಹಾಳೆ ಪಾರದರ್ಶಕವಾಗಿರಲೇಬೇಕು: ಕಪ್ಪು ಹಾಳೆ ಬಿಸಿಲನ್ನು ತಾನೇ ಹೀರಿಕೊಂಡು ಬಿಸಿಯಾಗುತ್ತದೆ, ಪಾರದರ್ಶಕ ಹಾಳೆ ಬಿಸಿಲನ್ನು ಮಣ್ಣಿಗೆ ಬಿಟ್ಟು ಕಾವನ್ನು ಹೊರಹೋಗದಂತೆ ಹಿಡಿಯುತ್ತದೆ. ಮಣ್ಣು ಹಸಿಯಾಗಿರಬೇಕೆಂಬುದಕ್ಕೂ ಕಾರಣವಿದೆ. ತೇವದ ಮಣ್ಣಿನಲ್ಲಿ ಕಾವು ಆಳಕ್ಕೆ ಇಳಿಯುತ್ತದೆ, ನೆನೆದ ಬೀಜಗಳು ಒಣ ಬೀಜಗಳಿಗಿಂತ ಬೇಗ ಸಾಯುತ್ತವೆ.

ರಾಯಚೂರು, ಕಲಬುರಗಿ, ಬಳ್ಳಾರಿಯ ಬಿಸಿಲಿಗೆ ಇದು ಹೇಳಿ ಮಾಡಿಸಿದ ವಿಧಾನ. ಬೆಂಗಳೂರಿನಲ್ಲಿ ಮಾರ್ಚ್ ಮೊದಲ ವಾರದಲ್ಲೇ ಹಾಸಿದರೆ ಫಲ ಸಿಗುತ್ತದೆ. ಮೇ ತಿಂಗಳಿಗೆ ಮುಂದೂಡಿದರೆ ಮೋಡ ಮಳೆಗಳ ನಡುವೆ ಕಾವು ಏರುವುದಿಲ್ಲ. ವಾರ್ಷಿಕ ಕಳೆಗಳ ಬೀಜಕ್ಕೂ ಮೇಲುಮಣ್ಣಿನ ಗರಿಕೆಗೂ ಇದು ಚೆನ್ನಾಗಿ ತಟ್ಟುತ್ತದೆ. ಜೇಕಿನ ವಿಷಯದಲ್ಲಿ ಮಾತ್ರ ಅತಿಯಾದ ಭರವಸೆ ಬೇಡ, ಏಕೆಂದರೆ ಹಾಳೆಯಡಿ ಚಿಗುರಿದ ಎಲೆ ಬೆಂದುಹೋದರೂ ಆಳದ ಗಡ್ಡೆ ಉಳಿಯುತ್ತದೆ. ಒಣಗಿಸುವ ವಿಧಾನಕ್ಕೆ ನೀರು ಇರಬಾರದು, ಇದಕ್ಕೆ ನೀರು ಬೇಕು. ಎರಡನ್ನೂ ಒಂದೇ ಪಾತಿಯಲ್ಲಿ ಒಂದೇ ಕಾಲಕ್ಕೆ ಮಾಡಲಾಗದು. ಜೇಕು ಹೆಚ್ಚಿದ್ದರೆ ಒಣ ಅಗೆತವನ್ನೂ, ಗರಿಕೆ ಮತ್ತು ಬೀಜದ ಕಳೆ ಹೆಚ್ಚಿದ್ದರೆ ಸೌರೀಕರಣವನ್ನೂ ಆರಿಸಿಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ. ಹಾಳೆ ತೆಗೆದ ಮೇಲೆ ಆಳವಾಗಿ ಅಗೆದರೆ ಕೆಳಗಿನ ಬೀಜಗಳು ಮೇಲೆ ಬರುವುದರಿಂದ, ಎರಡು ಇಂಚಿಗಿಂತ ಆಳಕ್ಕೆ ಮಣ್ಣು ಕದಲಿಸದೆ ನೆಡಬೇಕು.

ಅಂಗಡಿಯಲ್ಲಿ ಸಿಗುವ 25–30 ಮೈಕ್ರಾನಿನ ಕಪ್ಪು ಮಲ್ಚಿಂಗ್ ಹಾಳೆ ಬೆಳೆಯ ನಡುವಿನ ಸಣ್ಣಪುಟ್ಟ ಕಳೆಗಳಿಗೆ ಸಾಕು. ಜೇಕಿನ ಚೂಪು ಮೊನೆ ಅದನ್ನು ಚುಚ್ಚಿಕೊಂಡೇ ಮೇಲೆ ಬರುತ್ತದೆ, ಹಾಗಾಗಿ ಜೇಕಿನ ನೆಲದಲ್ಲಿ ಆ ಹಣ ದಂಡ. ದಪ್ಪನೆಯ ಕಪ್ಪು ಸಿಲ್ಪಾಲಿನ್ ಅಥವಾ ಒಂದರ ಮೇಲೊಂದು ಹಾಸಿದ ರಟ್ಟು, ಅದರ ಮೇಲೆ ಅರ್ಧ ಅಡಿ ತರಗೆಲೆ ಇದ್ದರೆ ಬೆಳಕು ಸಿಗದೆ ಗರಿಕೆ ಸಾಯುತ್ತದೆ, ಆದರೆ ಅದಕ್ಕೆ ತಿಂಗಳುಗಳೇ ಬೇಕು. ಬಿಸಿಲಿನ ಅನುಕೂಲ ಕಡಿಮೆಯಿರುವ ಮಲೆನಾಡು, ಕರಾವಳಿಯವರಿಗೆ ಮಳೆಗಾಲ ಪೂರ್ತಿ ಹೀಗೆ ಮುಚ್ಚಿಡುವುದು ಸೂಕ್ತ. ಮಲೆನಾಡು ಕೊಡಗುಗಳಲ್ಲಿ, ಬೆಂಗಳೂರಿನ ತೋಟಗಳಲ್ಲೂ, ಕಾಡುವ ಗುಲಾಬಿ ಹೂವಿನ ಹುಳಿಸೊಪ್ಪಿನ ಕಳೆಗೆ ನೆಲದಡಿ ಪುಟ್ಟ ಈರುಳ್ಳಿಯಂಥ ಗೆಡ್ಡೆ, ಸುತ್ತ ಮರಿಗೆಡ್ಡೆಗಳು ಇರುತ್ತವೆ. ಅದನ್ನು ಎಲೆ ಮೂಡಿದ ಮೊದಲ ವಾರಗಳಲ್ಲೇ, ಮರಿಗೆಡ್ಡೆ ಬಲಿಯುವ ಮೊದಲು, ಮಣ್ಣಿನ ಮುದ್ದೆಯ ಸಮೇತ ಎತ್ತಿ ಹೊರಹಾಕಬೇಕು. ಮುಟ್ಟಿದರೆ ಮುನಿಗೆ ಇಷ್ಟು ಕಷ್ಟವಿಲ್ಲ. ಬುಡದ ಕೆಳಗೆ ಪಿಕಾಸಿಯಿಂದ ತಾಯಿಬೇರು ಕಡಿದರೆ ಸಾಕು, ಬೀಜದಿಂದ ಹುಟ್ಟುವ ಸಸಿಗಳನ್ನು ಮಾತ್ರ ನೋಡುತ್ತಿರಬೇಕು.

ಕಳೆನಾಶಕದ ಬಗ್ಗೆ

ಗ್ಲೈಫೋಸೇಟ್ ಹೊಡೆದರೆ ಒಂದೇ ದಿನದ ಕೆಲಸವಲ್ಲವೇ ಎಂದು ಕೇಳುವವರು ಬಹಳ. ಅದು ಎಲೆಯಿಂದ ಬೇರಿಗೆ ಇಳಿದು ಕೊಲ್ಲುವ ವಿಷವೆಂಬುದು ನಿಜ. ಆದರೆ ಸುಪ್ತವಾಗಿರುವ ಗಡ್ಡೆಗಳಿಗೆ ಅದು ಸರಿಯಾಗಿ ತಲುಪುವುದಿಲ್ಲ, ಹಾಗಾಗಿ ಜೇಕು ಒಂದೇ ಸಿಂಪಡಣೆಗೆ ಮುಗಿಯುವುದಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಗುಂಪಿಗೆ ಸೇರಿಸಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಕೀಟ ನಿಯಂತ್ರಣ ಪರವಾನಗಿ ಹೊಂದಿದವರ ಮೂಲಕ ಮಾತ್ರ ಇದರ ಬಳಕೆಯೆಂದು ನಿರ್ಬಂಧಿಸುವ ಆದೇಶ ಹೊರಡಿಸಿತು. ಇನ್ನೊಂದು ಸಾಮಾನ್ಯ ಕಳೆನಾಶಕವಾದ 2,4-ಡಿ ಗಾಳಿಯಲ್ಲಿ ತೇಲಿ ಪಕ್ಕದ ಟೊಮೆಟೊ, ದ್ರಾಕ್ಷಿ, ಹತ್ತಿಯ ಎಲೆಗಳನ್ನು ಮುರುಟಿಸುತ್ತದೆ. ಮಕ್ಕಳು ಓಡಾಡುವ, ಮನೆಯವರೇ ತಿನ್ನುವ ಸೊಪ್ಪು ಬೆಳೆಯುವ ಒಂದು ಗುಂಟೆಗೆ ಇವುಗಳ ಅಗತ್ಯವಿಲ್ಲವೆಂದೇ ನಾನು ನಂಬಿದ್ದೇನೆ.

ನೆರಳಿನ ಬೆಳೆ, ಆಮೇಲೆ ತರಕಾರಿ

ಜೇಕು, ಗರಿಕೆ ಎರಡಕ್ಕೂ ಒಂದು ದೊಡ್ಡ ದೌರ್ಬಲ್ಯವಿದೆ: ಎರಡೂ ನೆರಳನ್ನು ಸಹಿಸುವುದಿಲ್ಲ. ಜೂನ್ ತಿಂಗಳಲ್ಲಿ ಕೊನೆಯ ಸರದಿ ಕಳೆ ತೆಗೆದ ಮರುದಿನವೇ ಸೆಣಬು, ಅಲಸಂದೆ ಅಥವಾ ಹುರುಳಿಯನ್ನು ದಟ್ಟವಾಗಿ ಬಿತ್ತಬೇಕು. ಹಸಿರೆಲೆ ಗೊಬ್ಬರಕ್ಕೆ ಬಿತ್ತುವುದಕ್ಕಿಂತ ಸ್ವಲ್ಪ ಒತ್ತಾಗಿ, ಗುಂಟೆಗೆ ಅರ್ಧ ಕಿಲೋದಷ್ಟು ಸೆಣಬಿನ ಬೀಜ ಚೆಲ್ಲಿದರೆ ತಿಂಗಳೊಳಗೆ ನೆಲ ಕಾಣದಂತೆ ಮುಚ್ಚುತ್ತದೆ. ಅದರಡಿಯಲ್ಲಿ ಏಳುವ ಜೇಕು ಸಣಕಲಾಗಿ, ಗಡ್ಡೆ ಕಟ್ಟುವ ಶಕ್ತಿಯಿಲ್ಲದೆ ನರಳುತ್ತದೆ. 45–50 ದಿನಕ್ಕೆ, ಹೂ ಮೂಡುವ ಹೊತ್ತಿಗೆ, ದಂಟು ಗಟ್ಟಿಯಾಗುವ ಮುನ್ನ ಸೆಣಬನ್ನು ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಬೇಕು. ಅದು ಕೊಳೆಯಲು ಮೂರು ವಾರ ಬಿಟ್ಟರೆ ಸೆಪ್ಟೆಂಬರಿನ ಉತ್ತರೆ ಮಳೆಗೆ ನೆಲ ನಾಟಿಗೆ ಸಿದ್ಧವಾಗಿರುತ್ತದೆ, ಸಾರಜನಕವೂ ಸೇರಿರುತ್ತದೆ.

ಮೊದಲ ಬೆಳೆಯ ಆಯ್ಕೆಯಲ್ಲಿ ಸಂಯಮ ಬೇಕು. ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್, ಕೊತ್ತಂಬರಿಗಳು ನಿಧಾನವಾಗಿ ಬೆಳೆಯುವ, ನೆರಳು ಕೊಡದ ಬೆಳೆಗಳಾದ್ದರಿಂದ ಅಳಿದುಳಿದ ಜೇಕು ಅವುಗಳ ನಡುವೆ ಮತ್ತೆ ಬಲಿಯುತ್ತದೆ. ಮೂಲಂಗಿ, ಆಲೂಗಡ್ಡೆಯಂಥವುಗಳ ಗಡ್ಡೆಯನ್ನು ಜೇಕಿನ ಮೊನೆ ಚುಚ್ಚಿ ಕೆಡಿಸುವುದೂ ಉಂಟು. ಮೊದಲ ವರ್ಷ ಸಿಹಿಗುಂಬಳ, ಬೂದುಗುಂಬಳ, ಅಲಸಂದೆಯಂಥ ಹರಡುವ ಬೆಳೆಗಳನ್ನೂ, ಸಾಲಿನ ನಡುವೆ ಕುಂಟೆ ಆಡಿಸಲು ಎಡೆಯಿರುವ ಬದನೆ, ಬೆಂಡೆಗಳನ್ನೂ ಹಾಕುವುದು ಒಳ್ಳೆಯದು. ಬೀಜ ಬಿತ್ತುವುದಕ್ಕಿಂತ ನಾಲ್ಕು ವಾರದ ಸಸಿ ನೆಟ್ಟರೆ ಕಳೆಗಿಂತ ಮುಂದೆ ಇರಬಹುದು. ನೀರನ್ನು ಇಡೀ ಮಡಿಗೆ ಹಾಯಿಸದೆ ಹನಿ ನೀರಾವರಿಯಲ್ಲಿ ಗಿಡದ ಬುಡಕ್ಕಷ್ಟೇ ಕೊಟ್ಟರೆ ಸಾಲಿನ ನಡುವಿನ ಒಣ ಮಣ್ಣಿನಲ್ಲಿ ಕಳೆಯೂ ಏಳದು.

ಗಡ್ಡೆ ಮತ್ತೆ ಒಳಗೆ ಬರುವ ದಾರಿಗಳನ್ನು ಮುಚ್ಚದಿದ್ದರೆ ಈ ಕೆಲಸಕ್ಕೆ ಕೊನೆಯಿಲ್ಲ. ಲೋಡುಗಟ್ಟಲೆ ತರಿಸುವ ಕೆಮ್ಮಣ್ಣಿನಲ್ಲಿ, ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರದಲ್ಲಿ, ನರ್ಸರಿಯ ಪ್ಲಾಸ್ಟಿಕ್ ಚೀಲದ ಮಣ್ಣಿನಲ್ಲಿ ಜೇಕಿನ ಗಡ್ಡೆ ಬರುವುದು ಸಾಮಾನ್ಯ. ಹೊಸ ಮಣ್ಣನ್ನು ಮೂಲೆಯಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಎರಡು ವಾರದಲ್ಲಿ ಏನು ಚಿಗುರುತ್ತದೆಂದು ನೋಡಿದ ಮೇಲೆಯೇ ಪಾತಿಗೆ ಹಾಕಬೇಕು. ಗರಿಕೆ ಬರುವುದು ಬದುವಿನಿಂದ. ಮನೆ ಕಟ್ಟುವಾಗ ಉಳಿದ ಕಡಪ ಕಲ್ಲಿನ ತುಂಡುಗಳನ್ನು ಗಡಿಯುದ್ದಕ್ಕೂ ಒಂದಡಿ ಆಳಕ್ಕೆ, ನೆಲದಿಂದ ನಾಲ್ಕು ಬೆರಳು ಮೇಲೆ ಕಾಣುವಂತೆ ನಿಲ್ಲಿಸಿ ಹೂತರೆ ನೆಲದಡಿಯ ಕಾಂಡ ದಾಟಲಾರದು, ಮೇಲಿನಿಂದ ಹತ್ತುವ ಕುಡಿ ಕಣ್ಣಿಗೆ ಬೀಳುತ್ತದೆ. ಕಲ್ಲಿಲ್ಲದವರು ಗುಂಡ್ಲುಪೇಟೆ ಕಡೆಯ ರೈತರು ಹೊಲದ ಬದುವಿನಲ್ಲಿ ಹಿಂದಿನಿಂದಲೂ ಬೆಳೆಸಿಕೊಂಡು ಬಂದಿರುವ ಲಾವಂಚವನ್ನು ಗೇಣಿಗಿಂತ ಕಡಿಮೆ ಅಂತರದಲ್ಲಿ ಒತ್ತಾಗಿ ನೆಡಬಹುದು. ಅದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುವುದರಿಂದ ತರಕಾರಿಗೆ ತೊಂದರೆಯಿಲ್ಲ, ಬುಡ ಕೂಡಿಕೊಂಡ ಮೇಲೆ ಗರಿಕೆಗೆ ಸಂದು ಸಿಗುವುದಿಲ್ಲ, ಕತ್ತರಿಸಿದ ಗರಿಯು ಪಾತಿಗೆ ಹೊದಿಕೆಯಾಗುತ್ತದೆ.

ಎರಡನೆಯ ವರ್ಷವೂ ಅಲ್ಲಲ್ಲಿ ಜೇಕು ಏಳುತ್ತದೆ, ಮುಖ್ಯವಾಗಿ ಬೇಸಿಗೆಯ ಮೊದಲ ಮಳೆಗಳ ನಂತರದ ಆರು ವಾರಗಳಲ್ಲಿ ಮತ್ತು ಹಳೆಯ ಬೆಳೆ ಕಿತ್ತು ಪಾತಿ ಬರಿದಾಗಿರುವ ದಿನಗಳಲ್ಲಿ. ಈ ಎರಡು ಹೊತ್ತಿನಲ್ಲಿ ವಾರಕ್ಕೊಮ್ಮೆ ಕುರ್ಪಿ ಹಿಡಿದು ತೋಟದಲ್ಲಿ ಒಂದು ಸುತ್ತು ಬರಬೇಕು. ಒಂದೇ ಜಾಗದಲ್ಲಿ ಮೂರು ಸಲ ಚಿಗುರು ಕಂಡರೆ ಅಲ್ಲಿ ಆಳದಲ್ಲಿ ಗಡ್ಡೆಯ ಸರಪಳಿ ಉಳಿದಿದೆಯೆಂದು ತಿಳಿದು, ಬೆಳೆ ಮುಗಿದ ಕೂಡಲೇ ಆ ಒಂದು ಚದರಡಿಯನ್ನು ಮೊಣಕೈ ಆಳ ಅಗೆದು, ಮಣ್ಣನ್ನು ಜರಡಿಗೆ ಹಾಕಿ ಸೋಸಬೇಕು.